ಗಾಯ ಕಾಣಲಿಲ್ಲವೆಂದರೆ ಪೆಟ್ಟಾಗಿಲ್ಲವೆಂದಲ್ಲ

ಜೀಪು ಚರಂಡಿಗೆ ಇಳಿಯಿತು, ಪಿಕಪ್ಪು ಧರೆಗೆ ಗುದ್ದಿತು, ಬೈಕಿಗೆ ಕಾಡುಹಂದಿ ಅಡ್ಡ ಬಂತು ಎಂಬಂಥ ಸುದ್ದಿ ಮಳೆಗಾಲದಲ್ಲಿ ನಮ್ಮ ಸಂಘದ ಕಚೇರಿಗೆ ವಾರಕ್ಕೊಂದಾದರೂ ಬರುತ್ತದೆ. ‘ಯಾರಿಗಾದರೂ ಪೆಟ್ಟಾಯಿತೇ?’ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಇಲ್ಲ ಮಾರಾಯ್ರೆ, ದೇವರು ಕಾಪಾಡಿದ. ಬಂಪರು, ಲೈಟು ಹೋದವು ಅಷ್ಟೆ.’ ವಾಹನವನ್ನು ಅದೇ ದಿನ ಗ್ಯಾರೇಜಿಗೆ ಸಾಗಿಸಿ, ಚಾಸಿ ಬಾಗಿದೆಯೋ, ಎಣ್ಣೆ ಸೋರುತ್ತಿದೆಯೋ ಎಂದು ಮೆಕ್ಯಾನಿಕ್ಕನಿಂದ ಅಡಿಗೆ ಮಲಗಿ ನೋಡಿಸುತ್ತೇವೆ. ಅದರೊಳಗೆ ಕುಳಿತಿದ್ದ ಮನುಷ್ಯರು ಮಾತ್ರ ಮುಖ ತೊಳೆದು, ಕಾಫಿ ಕುಡಿದು ಮನೆಗೆ ಹೋಗುತ್ತಾರೆ.

‘ಏನೂ ಆಗಿಲ್ಲ’ ಎಂಬ ತೀರ್ಪನ್ನು ಅಪಘಾತದ ಸ್ಥಳದಲ್ಲಿಯೇ ಕೊಡುವ ಅಧಿಕಾರ ಯಾರಿಗೂ ಇಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಪೆಟ್ಟು ತಿಂದವನಿಗೂ ಇಲ್ಲ, ವಾಹನದ ಮಾಲೀಕನಿಗೂ ಇಲ್ಲ, ಸುತ್ತ ನೆರೆದ ಹತ್ತು ಜನಕ್ಕೂ ಇಲ್ಲ. ಆ ತೀರ್ಪು ವೈದ್ಯರು ನೋಡಿದ ಮೇಲೆ, ಮನೆಯವರು ಮೂರು ದಿನ ಕಣ್ಣಿಟ್ಟ ಮೇಲೆ ಬರಬೇಕಾದದ್ದು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ, 1,68,491 ಜನ ಮೃತಪಟ್ಟರು. 4,43,366 ಜನ ಗಾಯಗೊಂಡರು. ಇವು ಲೆಕ್ಕಕ್ಕೆ ಸಿಕ್ಕಿದ ಅಪಘಾತಗಳು. ತೋಟದ ದಾರಿಯಲ್ಲಿ ಮಗುಚಿದ ಜೀಪು, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದ ಪಿಕಪ್ಪು ಈ ಲೆಕ್ಕದಲ್ಲಿ ಸೇರುವುದಿಲ್ಲ. ನಾವು ಇಲ್ಲಿ ಮಾತನಾಡುತ್ತಿರುವುದು ಮುಖ್ಯವಾಗಿ ಆ ಲೆಕ್ಕಕ್ಕೆ ಬಾರದವರ ಬಗ್ಗೆ.

ಒಳಪೆಟ್ಟು ತಡವಾಗಿ ಕಾಣುವುದೇಕೆ?

ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ನೋಡದ ಬೆಳೆಗಾರರಿಲ್ಲ. ಹುಳು ಒಳಗೆ ಸೇರಿ ಕಾಂಡವನ್ನು ಕೊರೆಯುತ್ತಿರುವಾಗ ಗಿಡ ಹಸಿರಾಗಿಯೇ ನಿಂತಿರುತ್ತದೆ. ಎಲೆ ಹಳದಿಯಾಗಿ ಬಾಡುವ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ. ಅದಕ್ಕೇ ನಾವು ಎಲೆಯನ್ನು ಕಾಯದೆ ಕಾಂಡದ ಮೇಲಿನ ಉಬ್ಬುಗೆರೆಯನ್ನು ಹುಡುಕುತ್ತೇವೆ. ಮನುಷ್ಯನ ದೇಹದ ವಿಷಯವೂ ಹೀಗೆಯೇ.

ಅಪಘಾತವಾದ ಗಳಿಗೆಯಲ್ಲಿ ದೇಹವು ಅಡ್ರಿನಲಿನ್ ಮೊದಲಾದ ರಸಗಳನ್ನು ರಕ್ತಕ್ಕೆ ಬಿಡುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈಕಾಲಿಗೆ ಬಲ ಬಂದಂತಾಗುತ್ತದೆ, ನೋವು ಮಂಕಾಗುತ್ತದೆ. ಕಾಲಿನ ಎಲುಬು ಬಿರುಕು ಬಿಟ್ಟವನೂ ಎದ್ದು ಜೀಪು ಎತ್ತಲು ಹೆಗಲು ಕೊಡುವುದುಂಟು. ಇದು ಗಂಟೆಗಳಲ್ಲಿ ಇಳಿಯುತ್ತದೆ, ಅನಂತರವೇ ನೋವು ತಲೆ ಎತ್ತುತ್ತದೆ. ಎರಡನೆಯದು, ಜಜ್ಜಿದ ಮಾಂಸಖಂಡ ಊದಿಕೊಳ್ಳಲು ಒಂದೆರಡು ದಿನ ಬೇಕು. ಮೂರನೆಯದು ಮತ್ತು ಅತ್ಯಂತ ಅಪಾಯದ್ದು, ಒಳಗೆ ಹರಿದ ಸಣ್ಣ ರಕ್ತನಾಳದಿಂದ ರಕ್ತ ಹನಿಹನಿಯಾಗಿ ಸೋರುವುದು. ಆರೋಗ್ಯವಂತನಾದ ದುಡಿಯುವ ಆಳಿನ ದೇಹ ಆ ನಷ್ಟವನ್ನು ಬಹಳ ಹೊತ್ತು ಸರಿದೂಗಿಸಿಕೊಂಡು ಹೋಗಿ, ತಡೆಯಲಾರದಾದಾಗ ಒಮ್ಮೆಗೇ ಕುಸಿಯುತ್ತದೆ.

ಇದಕ್ಕೆ ದೇಶವೇ ಕಂಡ ಉದಾಹರಣೆಯೊಂದಿದೆ. 2014ರ ಜೂನ್ 3ರಂದು ಬೆಳಿಗ್ಗೆ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವ ಗೋಪಿನಾಥ ಮುಂಡೆಯವರು ದೆಹಲಿಯಲ್ಲಿ ವಿಮಾನ ನಿಲ್ದಾಣಕ್ಕೆ ಹೊರಟಿದ್ದಾಗ ಅವರ ಕಾರಿಗೆ ಇನ್ನೊಂದು ಕಾರು ಬದಿಯಿಂದ ಗುದ್ದಿತು. ಅವರು ಕಾರಿನ ಹಿಂದಿನ ಸೀಟಿನಲ್ಲಿದ್ದರು. ಹೊರಗೆ ದೊಡ್ಡ ಗಾಯವೇನೂ ಕಾಣಲಿಲ್ಲ. ನೀರು ಕೇಳಿದರು, ಆಸ್ಪತ್ರೆಗೆ ಕರೆದೊಯ್ಯಿರಿ ಎಂದರು. ಸ್ವಲ್ಪ ಹೊತ್ತಿನಲ್ಲೇ ಹೃದಯ ನಿಂತಿತು. ಮರಣೋತ್ತರ ಪರೀಕ್ಷೆಯಲ್ಲಿ ಯಕೃತ್ತು ಹರಿದು ಒಳಗೆ ರಕ್ತಸ್ರಾವವಾಗಿದ್ದುದೂ ಕತ್ತಿನ ಎಲುಬಿಗೆ ಪೆಟ್ಟಾಗಿದ್ದುದೂ ತಿಳಿದುಬಂತು. ರಾಜಧಾನಿಯ ನಡುವೆ, ದೊಡ್ಡ ಆಸ್ಪತ್ರೆಯ ಸಮೀಪದಲ್ಲಿ, ಮಂತ್ರಿಗೇ ಹೀಗಾದರೆ, ಘಾಟಿಯ ಮೇಲಿನ ನಮ್ಮ ಪಾಡೇನು ಎಂದು ಯೋಚಿಸಬೇಕು.

ತಲೆಯ ಪೆಟ್ಟು

ತಲೆಗೆ ಪೆಟ್ಟು ಬಿದ್ದವನು ಒಂದು ಗಳಿಗೆ ಎಚ್ಚರ ತಪ್ಪಿ, ಮತ್ತೆ ಎದ್ದು ಕುಳಿತು, ಎಲ್ಲರೊಡನೆ ಸರಿಯಾಗಿ ಮಾತನಾಡಿ, ಕೆಲವು ಗಂಟೆಗಳ ನಂತರ ಮಂಪರಿಗೆ ಜಾರುವುದುಂಟು. ಕಿವಿಯ ಮೇಲೆ ಕಣತಲೆಯ ಬಳಿ ತಲೆಬುರುಡೆ ತೆಳ್ಳಗಿದ್ದು, ಅದರ ಒಳಮೈಗೆ ಅಂಟಿ ಒಂದು ರಕ್ತನಾಳ ಹಾದುಹೋಗುತ್ತದೆ. ಎಲುಬು ಬಿರುಕು ಬಿಟ್ಟಾಗ ಆ ನಾಳ ಹರಿದರೆ ರಕ್ತ ಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ತುಂಬಿ ಮಿದುಳನ್ನು ಅಮುಕುತ್ತ ಬರುತ್ತದೆ. ನಡುವಿನ ಆ ಎಚ್ಚರದ ಅವಧಿಯೇ ಎಲ್ಲರನ್ನೂ ಮೋಸಗೊಳಿಸುವುದು. ಇಂಗ್ಲಿಷ್ ನಟಿ ನತಾಶಾ ರಿಚರ್ಡ್‌ಸನ್ 2009ರ ಮಾರ್ಚಿಯಲ್ಲಿ ಕೆನಡಾದಲ್ಲಿ ಹಿಮದ ಮೇಲೆ ಜಾರುವ ಆಟ ಕಲಿಯುವಾಗ ಬಿದ್ದು, ನಗುತ್ತ ಎದ್ದು, ವೈದ್ಯರ ಸಹಾಯ ಬೇಡವೆಂದು ಹೇಳಿ ಹೋಟೆಲಿಗೆ ಹೋದರು. ಎರಡು ದಿನಗಳಲ್ಲಿ ತೀರಿಕೊಂಡರು. ಕಾರಣ ಇದೇ ರಕ್ತಸ್ರಾವ. ಸಕಾಲದಲ್ಲಿ ಸ್ಕ್ಯಾನ್ ಮಾಡಿ ಶಸ್ತ್ರಚಿಕಿತ್ಸೆ ನಡೆಸಿದರೆ ಈ ಬಗೆಯ ಪೆಟ್ಟಿನಿಂದ ಪೂರ್ತಿ ಗುಣವಾಗುವವರು ಬಹಳ ಮಂದಿ ಎಂಬುದನ್ನು ನೆನಪಿಡಬೇಕು.

ಇನ್ನೊಂದು ಬಗೆ ಬಹಳ ನಿಧಾನದ್ದು. ಮಿದುಳಿನ ಮೇಲ್ಮೈಯ ಸಣ್ಣ ರಕ್ತನಾಳ ಹರಿದು, ರಕ್ತ ವಾರಗಟ್ಟಲೆ ಸೇರುತ್ತ ಹೋಗುತ್ತದೆ. ವಯಸ್ಸಾದವರಲ್ಲಿ, ಕುಡಿತದ ಅಭ್ಯಾಸವಿರುವವರಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಲ್ಲಿ ಇದು ಹೆಚ್ಚು. ‘ಅಪ್ಪಯ್ಯನಿಗೆ ಯಾಕೋ ಈಚೆಗೆ ಮರೆವು, ಹೆಜ್ಜೆ ತಪ್ಪುತ್ತದೆ, ಮಾತು ತಡವರಿಸುತ್ತದೆ, ವಯಸ್ಸಾಯಿತು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಮೂರು ವಾರದ ಹಿಂದೆ ಜೀಪಿನ ಕಂಬಿಗೆ ತಲೆ ಬಡಿದದ್ದು ಯಾರಿಗೂ ನೆನಪಿರುವುದಿಲ್ಲ.

ಆದ್ದರಿಂದ ತಲೆಗೆ ಪೆಟ್ಟು ಬಿದ್ದವರನ್ನು ಮೊದಲ ರಾತ್ರಿ ಒಬ್ಬರೇ ಮಲಗಲು ಬಿಡಬಾರದು. ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಕೇಳಿದ್ದನ್ನೇ ಕೇಳುವುದು, ಗುರುತು ಹಿಡಿಯದಿರುವುದು, ಅಕಾರಣ ಸಿಟ್ಟು, ಕಣ್ಣಿನ ಒಂದು ಪಾಪೆ ದೊಡ್ಡದಾಗಿ ಕಾಣುವುದು, ಒಂದು ಕೈ ಅಥವಾ ಕಾಲಿನ ಬಲಗುಂದುವುದು, ಫಿಟ್ಸ್, ಮೂಗು ಕಿವಿಗಳಿಂದ ನೀರಿನಂಥ ದ್ರವ ಅಥವಾ ರಕ್ತ ಸೋರುವುದು, ಇವುಗಳಲ್ಲಿ ಒಂದೇ ಕಂಡರೂ ಬೆಳಗಾಗಲೆಂದು ಕಾಯಬಾರದು.

ಹೊಟ್ಟೆ ಮತ್ತು ಎದೆ

ಎಡಗಡೆಯ ಕೆಳಪಕ್ಕೆಲುಬಿನ ಒಳಗೆ ಗುಲ್ಮವಿದೆ, ವೈದ್ಯರು ಸ್ಪ್ಲೀನ್ ಎನ್ನುವುದು ಇದನ್ನೇ. ಮುಷ್ಟಿಯಷ್ಟು ಗಾತ್ರದ ಈ ಅಂಗ ರಕ್ತದಿಂದ ತುಂಬಿದ್ದು ಬಹಳ ಮೃದು. ಪಕ್ಕೆಗೆ ಬಿದ್ದ ಪೆಟ್ಟಿನಿಂದ ಇದು ಬಿರಿದಾಗ ರಕ್ತ ಮೊದಲು ಅದರ ಹೊದಿಕೆಯೊಳಗೇ ನಿಂತು, ಎರಡು ದಿನ, ಕೆಲವೊಮ್ಮೆ ವಾರ ಕಳೆದು ಹೊದಿಕೆ ಒಡೆದು ಹೊಟ್ಟೆಯೊಳಗೆ ಹರಿಯಬಹುದು. ಬಲಗಡೆ ಯಕೃತ್ತಿನ ಪಾಡೂ ಇದೇ. ಒಂದು ವಿಚಿತ್ರ ಲಕ್ಷಣವನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಹೊಟ್ಟೆಯೊಳಗೆ ರಕ್ತ ಸೋರಿ ವಪೆಯ ಕೆಳಗೆ ಸೇರಿದರೆ ನೋವು ಭುಜದ ತುದಿಯಲ್ಲಿ ಕಾಣಿಸಬಹುದು. ಭುಜಕ್ಕೆ ಪೆಟ್ಟೇ ಬಿದ್ದಿಲ್ಲ, ಆದರೂ ಎಡಭುಜ ಸೆಳೆಯುತ್ತದೆ, ಮಲಗಿದರೆ ಹೆಚ್ಚುತ್ತದೆ ಎಂದರೆ ಅದನ್ನು ಉಳುಕೆಂದು ತಿಳಿಯಬಾರದು.

ನಮ್ಮ ಸದಸ್ಯರೊಬ್ಬರ ತೋಟದಲ್ಲಿ ಕಾಫಿ ಕೊಯ್ಲಿನ ಕಾಲದಲ್ಲಿ ನಡೆದದ್ದನ್ನು ಹೆಸರು ಹೇಳದೆ ಇಲ್ಲಿ ಬರೆಯುತ್ತೇವೆ. ಆಳುಗಳನ್ನು ಕರೆತರುತ್ತಿದ್ದ ಪಿಕಪ್ಪು ತಿರುವಿನಲ್ಲಿ ಜಾರಿ ಧರೆಗೆ ಒರಗಿತು. ಹಿಂದೆ ನಿಂತಿದ್ದ ಹೆಂಗಸೊಬ್ಬಳ ಪಕ್ಕೆಗೆ ಕಬ್ಬಿಣದ ಪಟ್ಟಿ ಬಡಿಯಿತು. ‘ಏನಿಲ್ಲ ಸಾವ್ಕಾರ್ರೆ’ ಎಂದಳು. ಆ ದಿನವೂ ಮರುದಿನವೂ ಹಣ್ಣು ಕೊಯ್ದಳು. ಮೂರನೆಯ ದಿನ ಬೆಳಿಗ್ಗೆ ಲೈನ್ ಮನೆಯ ಬಚ್ಚಲಿನಲ್ಲಿ ಕುಸಿದಳು. ಮೈ ತಣ್ಣಗಾಗಿ ಬೆವರುತ್ತಿತ್ತು, ತುಟಿ ಬಿಳಿಚಿತ್ತು. ತೋಟದ ರೈಟರು ಚುರುಕಾಗಿದ್ದು ಬೇರೆಲ್ಲೂ ನಿಲ್ಲದೆ ನೇರವಾಗಿ ಜಿಲ್ಲಾ ಕೇಂದ್ರಕ್ಕೆ ಕರೆದೊಯ್ದದ್ದರಿಂದ, ಗುಲ್ಮದ ಶಸ್ತ್ರಚಿಕಿತ್ಸೆಯಾಗಿ ಬದುಕಿದಳು. ಹಿಂದಿನ ರಾತ್ರಿಯೆಲ್ಲ ಎಡಭುಜ ನೋಯುತ್ತಿದೆಯೆಂದು ಎಣ್ಣೆ ಹಚ್ಚಿಸಿಕೊಂಡಿದ್ದಳೆಂದು ಆಮೇಲೆ ಅವಳ ತಾಯಿ ಹೇಳಿದರು. ಎಣ್ಣೆ ಹಚ್ಚಿದ ಕೈಗೆ ಆ ಲಕ್ಷಣದ ಅರ್ಥ ತಿಳಿದಿದ್ದರೆ ಅಷ್ಟು ಹೊತ್ತು ಉಳಿಯುತ್ತಿತ್ತು.

ಸ್ಟಿಯರಿಂಗ್ ಚಕ್ರ ಅಥವಾ ಬೈಕಿನ ಹ್ಯಾಂಡಲ್ ಹೊಟ್ಟೆಯ ಮೇಲ್ಭಾಗಕ್ಕೆ ಒತ್ತಿದಾಗ ಬೆನ್ನೆಲುಬಿನ ಮುಂದಿರುವ ಸಣ್ಣಕರುಳಿಗೂ ಮೇದೋಜೀರಕ ಗ್ರಂಥಿಗೂ ಗಾಯವಾಗಬಹುದು. ಕರುಳು ತೂತಾದರೆ ಹೊಟ್ಟೆ ಗಟ್ಟಿಯಾಗಿ, ಜ್ವರ ಬಂದು, ವಾಂತಿ ಶುರುವಾಗಲು ಒಂದು ದಿನ ಅಥವಾ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಸೀಟು ಬೆಲ್ಟು ಹಾಕಿಕೊಂಡವರ ಹೊಟ್ಟೆಯ ಮೇಲೆ ಬೆಲ್ಟಿನ ಅಗಲಕ್ಕೆ ಕಂದು ಗುರುತು ಮೂಡಿದ್ದರೆ ಅದನ್ನು ವೈದ್ಯರಿಗೆ ಅಂಗಿ ಎತ್ತಿ ತೋರಿಸಬೇಕು. ಹಾಗೆಂದು ಬೆಲ್ಟನ್ನು ದೂರಬಾರದು. ಅದು ಜೀವ ಉಳಿಸಿ ಗುರುತು ಬಿಟ್ಟಿದೆ. ಹೊಟ್ಟೆ ಉಬ್ಬರ, ಮುಟ್ಟಿದರೆ ನೋವು, ಎದ್ದು ನಿಂತರೆ ತಲೆಸುತ್ತು, ಕಾರಣವಿಲ್ಲದ ಬಾಯಾರಿಕೆ, ವೇಗವಾದ ನಾಡಿ, ತಣ್ಣನೆಯ ಬೆವರು, ಮೂತ್ರದಲ್ಲಿ ರಕ್ತ, ಕಪ್ಪು ಮಲ, ಇವು ಒಳಗಿನ ರಕ್ತಸ್ರಾವದ ಸೂಚನೆಗಳು. ಪಕ್ಕೆಲುಬು ಮುರಿದವರಿಗೆ ಒಂದೆರಡು ದಿನದ ಮೇಲೂ ಎದೆಗೂಡಿನಲ್ಲಿ ಗಾಳಿ ಅಥವಾ ರಕ್ತ ಸೇರಿ ಉಸಿರಾಟ ಕಷ್ಟವಾಗಬಹುದು. ಉಸಿರು ಗಿಡ್ಡವಾಗುತ್ತ ಬಂದರೆ, ಕೆಮ್ಮಿದಾಗ ರಕ್ತ ಬಂದರೆ ತಡ ಮಾಡುವಂತಿಲ್ಲ.

ಕತ್ತು, ಕಾಲು, ಮನಸ್ಸು

ಹಿಂದಿನಿಂದ ವಾಹನ ಗುದ್ದಿದಾಗ ತಲೆ ಹಿಂದಕ್ಕೂ ಮುಂದಕ್ಕೂ ಚಾಟಿಯಂತೆ ಬೀಸಿ, ಕತ್ತಿನ ಸ್ನಾಯುಗಳು ಎಳೆದುಕೊಳ್ಳುತ್ತವೆ. ನೋವು ಬಹುಮಟ್ಟಿಗೆ ಮರುದಿನವೇ ಕಾಣುವುದು. ಹೆಚ್ಚಿನವರಿಗೆ ಇದು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಹೆದರಬೇಕಿಲ್ಲ. ಹೆದರಬೇಕಾದ್ದು ಕತ್ತಿನ ನಡುವಿನ ಎಲುಬನ್ನೇ ಮುಟ್ಟಿದರೆ ನೋವಾದಾಗ, ಕೈಬೆರಳು ಜೋಮು ಹಿಡಿದಾಗ, ಕೈಯಿಂದ ವಸ್ತು ಜಾರಿ ಬೀಳುವಾಗ, ನಡಿಗೆ ತೊಡರುವಾಗ, ಮಲಮೂತ್ರದ ಹಿಡಿತ ತಪ್ಪಿದಾಗ. ಆಗ ಕತ್ತನ್ನು ಅಲುಗಾಡಿಸದೆ ಸಾಗಿಸಬೇಕು.

ಜಜ್ಜಿದ ಕಾಲು ಅಥವಾ ಮುಂಗೈ ಗಂಟೆಗಳು ಕಳೆದಂತೆ ಕಲ್ಲಿನಂತೆ ಬಿಗಿದು, ಬೆರಳು ಅಲುಗಿಸಿದರೆ ತಡೆಯಲಾರದ ನೋವಾದರೆ ಅದೂ ತುರ್ತಿನ ವಿಷಯವೇ. ಒಳಗಿನ ಒತ್ತಡವನ್ನು ಕೆಲವೇ ಗಂಟೆಗಳಲ್ಲಿ ಬಿಡಿಸದಿದ್ದರೆ ಮಾಂಸಖಂಡ ಸಾಯುತ್ತದೆ. ಹಾಗೆಯೇ ಕಾಲಿಗೆ ಪೆಟ್ಟಾಗಿ ಮಲಗಿದವರಿಗೆ ವಾರ ಎರಡು ವಾರದ ಮೇಲೆ ಒಂದೇ ಮೀನಖಂಡ ಊದಿ ನೋಯತೊಡಗಿದರೆ ರಕ್ತ ಹೆಪ್ಪುಗಟ್ಟಿರಬಹುದು. ಅದು ಶ್ವಾಸಕೋಶಕ್ಕೆ ಹೋಗಿ ಕುಳಿತರೆ ಪ್ರಾಣಕ್ಕೇ ಅಪಾಯ.

ಇನ್ನು ಮನಸ್ಸು. ಅಪಘಾತದ ನಂತರ ನಿದ್ದೆಯಲ್ಲಿ ಬೆಚ್ಚುವುದು, ಆ ತಿರುವು ಬಂದಾಗ ಮೈ ನಡುಗುವುದು, ವಾಹನ ಹತ್ತಲು ಒಲ್ಲೆನೆನ್ನುವುದು ಮೊದಲ ವಾರಗಳಲ್ಲಿ ಸಹಜ. ತಿಂಗಳು ಕಳೆದರೂ ಬಿಡದೆ ಕಾಡಿದರೆ ಅದಕ್ಕೂ ಚಿಕಿತ್ಸೆಯಿದೆ. ತಾಯಿತ ಕಟ್ಟಿಸುವುದು ಅವರವರ ನಂಬಿಕೆ. ಅದರ ಜೊತೆಗೆ ವೈದ್ಯರನ್ನೂ ಕಾಣಲಿ ಎಂದಷ್ಟೇ ನಮ್ಮ ಮಾತು.

ಹೆಚ್ಚಿನ ಜಾಗ್ರತೆ ಬೇಕಾದವರು

ಬಸುರಿ ಹೆಂಗಸರು ಎಷ್ಟು ಸಣ್ಣ ಅಪಘಾತವಾದರೂ ಅದೇ ದಿನ ವೈದ್ಯರನ್ನು ಕಾಣಬೇಕು. ತಾಯಿಗೆ ಏನೂ ಆಗಿರದಿದ್ದರೂ ಗರ್ಭಕೋಶದಲ್ಲಿ ಮಾಸು ಬಿಡಿಸಿಕೊಂಡಿರಬಹುದು. ರಕ್ತಸ್ರಾವ, ಹೊಟ್ಟೆ ಬಿಗಿತ, ಮಗುವಿನ ಅಲುಗಾಟ ಕಡಿಮೆಯಾಗುವುದು ಅಪಾಯದ ಚಿಹ್ನೆ. ತಾಯಿಯ ರಕ್ತ ನೆಗೆಟಿವ್ ಗುಂಪಿನದಾಗಿದ್ದರೆ ಅದನ್ನು ತಪ್ಪದೆ ಹೇಳಬೇಕು, ಅವರಿಗೆ ಕೊಡುವ ಚುಚ್ಚುಮದ್ದಿಗೆ 72 ಗಂಟೆಗಳ ಗಡುವಿದೆ. ಮಕ್ಕಳು ನೋವೆಲ್ಲಿದೆಯೆಂದು ಹೇಳಲಾರರು. ಅವರು ಆಟ ಬಿಟ್ಟು ಮುದುರಿ ಮಲಗಿದರೆ, ಊಟ ಬಿಟ್ಟರೆ, ಅದನ್ನೇ ಹೇಳಿಕೆಯೆಂದು ತಿಳಿಯಬೇಕು. ಹೃದಯದ ಕಾಯಿಲೆಗೆ ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್‌ಫರಿನ್ ಮುಂತಾದವನ್ನು ಸೇವಿಸುವ ಹಿರಿಯರಿಗೆ ಸಣ್ಣ ಪೆಟ್ಟಿನಲ್ಲೂ ರಕ್ತಸ್ರಾವ ಹೆಚ್ಚು. ಆಸ್ಪತ್ರೆಗೆ ಹೋಗುವಾಗ ಮಾತ್ರೆಯ ಚೀಟಿಯನ್ನು ಜೊತೆಗೆ ಒಯ್ಯಬೇಕು.

ಮಾಡಬಾರದ ಉಪಚಾರ

ಪೆಟ್ಟಾದವನಿಗೆ ‘ಮೈಕೈ ನೋವು ಹೋಗಲಿ’ ಎಂದು ಸಂಜೆ ಒಂದು ಕ್ವಾರ್ಟರ್ ಕುಡಿಸುವ ರೂಢಿ ನಮ್ಮಲ್ಲಿದೆ. ಇದಕ್ಕಿಂತ ಕೆಟ್ಟ ಉಪಚಾರ ಇನ್ನೊಂದಿಲ್ಲ. ಮಂಪರು ಮದ್ಯದ್ದೋ ಮಿದುಳಿನ ರಕ್ತಸ್ರಾವದ್ದೋ ಎಂದು ಆಮೇಲೆ ಯಾರೂ ಹೇಳಲಾರರು. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸುವುದು, ದಾರಿಯಲ್ಲಿ ಸಿಕ್ಕಿದ ಕಡೆ ಇಂಜೆಕ್ಷನ್ ಚುಚ್ಚಿಸಿ ಕೆಲಸಕ್ಕೆ ಕಳಿಸುವುದು ಲಕ್ಷಣವನ್ನು ಮುಚ್ಚುತ್ತದೆ; ಕೆಲವು ಮಾತ್ರೆಗಳು ರಕ್ತ ಹೆಪ್ಪುಗಟ್ಟುವುದನ್ನೂ ತಡೆಯುತ್ತವೆ. ಕತ್ತು ಬೆನ್ನುಗಳನ್ನು ತಿಕ್ಕಿಸುವುದು, ನೆಟಿಗೆ ತೆಗೆಸುವುದು, ಊದಿದ ಕಾಲನ್ನು ಬಿದಿರಿನ ಪಟ್ಟಿಯಲ್ಲಿ ಬಿಗಿಯಾಗಿ ಕಟ್ಟಿಸುವುದು ಎಲುಬು ಸರಿಯಿದೆಯೆಂದು ಖಚಿತವಾಗುವವರೆಗೆ ಸಲ್ಲದು. ನಾಟಿ ವೈದ್ಯರ ಬಗ್ಗೆ ನಮಗೆ ಅಗೌರವವಿಲ್ಲ. ಆದರೆ ಹೊಟ್ಟೆಯೊಳಗಿನ ರಕ್ತವನ್ನು ಕೈಯಿಂದ ಮುಟ್ಟಿ ತಿಳಿಯುವ ವಿದ್ಯೆ ಯಾರಲ್ಲಿಯೂ ಇಲ್ಲ.

ಪಿಕಪ್ಪಿನ ಹಿಂದೆ ನಿಂತವರು

ಈ ಲೇಖನದ ಮುಖ್ಯ ಮಾತಿಗೆ ಈಗ ಬರುತ್ತೇವೆ. ಜೀಪಿನ ಮುಂದೆ ಕುಳಿತ ಮಾಲೀಕನಿಗೆ ಎದೆ ನೋವು ಎಂದರೆ ಗಂಟೆಯೊಳಗೆ ಆಸ್ಪತ್ರೆ ಸೇರುತ್ತಾನೆ. ಹಿಂದೆ ನಿಂತ ಆಳಿಗೆ ನೋವಿದ್ದರೆ ಅವನು ಹೇಳುವುದೇ ಇಲ್ಲ. ಹೇಳಿದರೆ ದಿನದ ಕೂಲಿ ಹೋಗುತ್ತದೆ, ಕೆಲಸಗಳ್ಳನೆಂಬ ಹೆಸರು ಬರುತ್ತದೆ, ಮೇಸ್ತ್ರಿ ಮುಂದಿನ ವಾರ ಕರೆಯುವುದಿಲ್ಲ ಎಂಬ ಭಯ. ದೂರದ ಊರುಗಳಿಂದ, ಬೇರೆ ರಾಜ್ಯಗಳಿಂದ ಬಂದವರಿಗೆ ಭಾಷೆಯೂ ಅಡ್ಡಿ. ನಾವು ಪುಕ್ಕಟೆಯಾಗಿ ಪಡೆಯುತ್ತಿರುವ ‘ಏನಿಲ್ಲ ಸಾವ್ಕಾರ್ರೆ’ ಎಂಬ ಮಾತಿನಲ್ಲಿ ಎಷ್ಟು ಭಾಗ ನಿಜ, ಎಷ್ಟು ಭಾಗ ಭಯ ಎಂದು ತೂಗಿ ನೋಡುವುದು ಮಾಲೀಕರ ಕರ್ತವ್ಯ.

ಕೆಲಸದಲ್ಲಿ ಆದ ಪೆಟ್ಟಿಗೆ ಪರಿಹಾರದ ಹೊಣೆ ಮಾಲೀಕನದು ಎಂಬ ತತ್ವ ನಮ್ಮ ದೇಶದ ಕಾನೂನಿನಲ್ಲಿ 1923ರಿಂದಲೂ ಇದೆ. ಸರಕು ಸಾಗಣೆಯ ವಾಹನದಲ್ಲಿ ಜನರನ್ನು ತುಂಬಿದರೆ ವಿಮಾ ಕಂಪನಿ ಕೈ ಜಾಡಿಸಬಹುದೆಂಬುದನ್ನೂ ಸದಸ್ಯರು ಅರಿತಿರಬೇಕು. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2003ರಲ್ಲೇ ಹೇಳಿದೆ. ಆದರೆ ಇಲ್ಲಿ ನಾವು ಒತ್ತಿ ಹೇಳಬೇಕೆಂದಿರುವುದು ಕಾನೂನಿಗಿಂತ ಮೊದಲಿನ ಮಾತು. ಪೆಟ್ಟಾದ ದಿನವೂ ಮುಂದಿನ ಎರಡು ದಿನವೂ ಆಳಿಗೆ ಕೂಲಿ ಕೊಟ್ಟು ಮನೆಯಲ್ಲಿ ಕೂರಿಸಿ, ಜೊತೆಗೊಬ್ಬರನ್ನು ಬಿಟ್ಟರೆ, ನೋವನ್ನು ಬಚ್ಚಿಡುವ ಕಾರಣವೇ ಇಲ್ಲವಾಗುತ್ತದೆ. ಕೂಲಿ ಸಿಗುವುದೆಂದು ತಿಳಿದವನು ನಿಜ ಹೇಳುತ್ತಾನೆ.

‘ಹೀಗೆ ಮಾಡಿದರೆ ಎಲ್ಲರೂ ನೋವೆಂದು ಮಲಗುತ್ತಾರೆ’ ಎಂದು ಕೆಲವು ಸದಸ್ಯರು ಹೇಳುವುದು ನಮಗೆ ಗೊತ್ತು. ಕೆಲವರು ಮಲಗಬಹುದು. ಇಬ್ಬರು ಮೂವರ ಎರಡು ದಿನದ ಕೂಲಿ ನಷ್ಟವಾದೀತು. ಒಂದು ಜೀವ ಹೋದರೆ ಆಗುವ ನಷ್ಟದ ಮುಂದೆ ಅದು ಲೆಕ್ಕವೇ ಅಲ್ಲ. ಕೊಳೆರೋಗ ಬರುವುದೋ ಇಲ್ಲವೋ ಗೊತ್ತಿಲ್ಲದೆಯೇ ಪ್ರತಿ ಮಳೆಗಾಲಕ್ಕೆ ಮುನ್ನ ಅಡಕೆ ಕೊನೆಗೆ ಬೋರ್ಡೋ ಹೊಡೆಸುವ ನಮಗೆ ಈ ಲೆಕ್ಕ ಕಷ್ಟದ್ದಾಗಬಾರದು.

ಠಾಣೆಯ ಭಯ ಮತ್ತು ರಾಜಿ ಪತ್ರ

ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆಂಬ ಭಯವೇ ಅನೇಕರನ್ನು ತಡೆಯುವುದು. 1988ರ ಮೋಟಾರು ವಾಹನ ಕಾಯಿದೆಯ 134ನೇ ಕಲಮಿನ ಪ್ರಕಾರ ಗಾಯಾಳುವಿಗೆ ವೈದ್ಯಕೀಯ ನೆರವು ಕೊಡಿಸುವುದು ಚಾಲಕನ ಕರ್ತವ್ಯ. ಪೊಲೀಸರಿಗೆ ತಿಳಿಸಲು 24 ಗಂಟೆಗಳ ಅವಕಾಶವಿದೆ. ಕಾಗದಪತ್ರ ಆಗುವವರೆಗೆ ವೈದ್ಯರು ಚಿಕಿತ್ಸೆ ತಡೆಯುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲೇ ತೀರ್ಪಿತ್ತಿದೆ. ದಾರಿಯಲ್ಲಿ ಕಂಡ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ಮೂರನೆಯವರಿಗೆ 2019ರ ತಿದ್ದುಪಡಿ ರಕ್ಷಣೆ ಕೊಟ್ಟಿದೆ. ಭಯಪಡುವ ಕಾಲ ಹೋಗಿದೆ.

ಇನ್ನು ರಸ್ತೆ ಬದಿಯ ರಾಜಿ. ಎರಡೂ ಕಡೆಯವರು ಸೇರಿ, ಐದೋ ಹತ್ತೋ ಸಾವಿರಕ್ಕೆ ಒಪ್ಪಿ, ‘ನಮಗೆ ಯಾವ ಪೆಟ್ಟೂ ಆಗಿಲ್ಲ, ಮುಂದೆ ತಕರಾರಿಲ್ಲ’ ಎಂದು ಕಾಗದ ಬರೆದು ಸಹಿ ಹಾಕುತ್ತಾರೆ. ವಾಹನದ ರಿಪೇರಿಯ ಬಗ್ಗೆ ರಾಜಿ ಮಾಡಿಕೊಳ್ಳಲಿ; ದೇಹದ ಬಗ್ಗೆ ಅಂದೇ ಸಹಿ ಹಾಕಬಾರದೆಂಬುದು ನಮ್ಮ ಸಲಹೆ. ಮೊದಲ ದಿನದ ಆಸ್ಪತ್ರೆಯ ಚೀಟಿ ಇಲ್ಲದಿದ್ದರೆ, ಹತ್ತನೆಯ ದಿನ ಕಂಡ ಪೆಟ್ಟು ಆ ಅಪಘಾತದ್ದೇ ಎಂದು ರುಜುವಾತು ಮಾಡುವುದು ಬಹಳ ಕಷ್ಟ. ಪರಿಹಾರದ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಮಿತಿಯನ್ನು 2019ರ ತಿದ್ದುಪಡಿ ಹಾಕಿದ್ದು, ಅದು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ.

‘ಖರ್ಚು ಯಾರು ಕೊಡುತ್ತಾರೆ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದೆ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಒಬ್ಬರಿಗೆ 1.5 ಲಕ್ಷ ರೂಪಾಯಿಗಳವರೆಗೆ, ಅಪಘಾತದ ದಿನದಿಂದ 7 ದಿನಗಳವರೆಗೆ ಇದು ಅನ್ವಯಿಸುತ್ತದೆ. ಗಮನಿಸಿ, ದಿನಗಳ ಎಣಿಕೆ ಅಪಘಾತದಿಂದ ಶುರುವಾಗುತ್ತದೆಯೇ ಹೊರತು ನೋವು ಕಂಡ ದಿನದಿಂದಲ್ಲ. ಮನೆಯಲ್ಲಿ ಕುಳಿತು ಕಳೆದ ಒಂದೊಂದು ದಿನವೂ ಆ ಏಳರಲ್ಲಿ ಕಳೆದುಹೋಗುತ್ತದೆ. ಹತ್ತಿರದ ಯಾವ ಆಸ್ಪತ್ರೆ ಇದರಲ್ಲಿ ಸೇರಿದೆಯೆಂದು ಈಗಲೇ ವಿಚಾರಿಸಿಡಬೇಕು. ಆಸ್ಪತ್ರೆಗೆ ಹೋದರೆ ಹೊಟ್ಟೆ ಕೊಯ್ಯುತ್ತಾರೆಂಬ ಭಯವೂ ಬೇಡ. ಗುಲ್ಮ, ಯಕೃತ್ತುಗಳ ಎಷ್ಟೋ ಗಾಯಗಳನ್ನು ಇಂದು ಶಸ್ತ್ರಚಿಕಿತ್ಸೆಯಿಲ್ಲದೆ, ಆಸ್ಪತ್ರೆಯಲ್ಲಿ ಮಲಗಿಸಿ ಕಣ್ಣಿಟ್ಟು ಗುಣಪಡಿಸುತ್ತಾರೆ. ಮೊದಲ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ವೈದ್ಯರು ಒಂದು ದಿನ ಇರಿ ಎಂದರೆ, ಬಿಲ್ಲು ಬೆಳೆಸಲು ಎಂದು ಭಾವಿಸದೆ ಇರುವುದು ಲೇಸು. ಸಣ್ಣ ರಕ್ತಸ್ರಾವ ಮೊದಲ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ನಮ್ಮ ದೂರ, ನಮ್ಮ ದಾರಿ

ಪಟ್ಟಣದವರಿಗೆ ಕಾದು ನೋಡುವ ಅನುಕೂಲವಿದೆ, ಹತ್ತು ನಿಮಿಷದಲ್ಲಿ ಆಸ್ಪತ್ರೆ ಸಿಗುತ್ತದೆ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸೋಮವಾರಪೇಟೆ, ಸಿದ್ದಾಪುರದ ಒಳಭಾಗದ ತೋಟಗಳಿಂದ ಮಿದುಳಿನ ಶಸ್ತ್ರವೈದ್ಯರಿರುವ ಮಂಗಳೂರು, ಮಣಿಪಾಲ, ಶಿವಮೊಗ್ಗ, ಮೈಸೂರು, ಹುಬ್ಬಳ್ಳಿಗಳಿಗೆ ಎರಡು ಮೂರು ಗಂಟೆಯ ದಾರಿ. 2019ರ ಆಗಸ್ಟಿನಂತೆ ಚಾರ್ಮಾಡಿ ಘಾಟಿ ಕುಸಿದು ದಾರಿ ನಿಂತರೆ ಹೇಳುವುದೇ ಬೇಡ. ಆದುದರಿಂದ ಲಕ್ಷಣ ಕಂಡ ಮೇಲೆ ಹೊರಡುವುದು ನಮಗೆ ತಡವಾಗಬಹುದು. ವೇಗದಲ್ಲಿ ಗುದ್ದಿದ, ಮಗುಚಿದ, ಯಾರಾದರೂ ಹೊರಗೆ ಎಸೆಯಲ್ಪಟ್ಟ ಅಪಘಾತದಲ್ಲಿ ಎಲ್ಲರನ್ನೂ ಅದೇ ದಿನ ತೋರಿಸಬೇಕು. ತಲೆಗೆ ಪೆಟ್ಟಾದವರು, ಹಿರಿಯರು, ಬಸುರಿಯರು ಮೊದಲ ರಾತ್ರಿಯನ್ನು ತೋಟದಲ್ಲಿ ಕಳೆಯದೆ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಯಲ್ಲಿಯಾದರೂ ಕಳೆಯುವುದು ಕ್ಷೇಮ.

ಸಂಘದ ಕಡೆಯಿಂದ ಮೂರು ಸಲಹೆಗಳನ್ನು ಆಡಳಿತ ಮಂಡಳಿಯ ಮುಂದಿಡಲು ಉದ್ದೇಶಿಸಿದ್ದೇವೆ. ಅಪಾಯದ ಲಕ್ಷಣಗಳನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಕನ್ನಡ ಬಾರದ ಆಳುಗಳ ಭಾಷೆಗಳಲ್ಲೂ ಸೇರಿಸಿ, ಪ್ರತಿ ತೋಟದ ಲೈನ್ ಮನೆಗೂ ಗೊಬ್ಬರದ ಡಿಪೋದ ಗೋಡೆಗೂ ಅಂಟಿಸುವುದು. ರೈಟರು, ಮೇಸ್ತ್ರಿ, ಚಾಲಕರಿಗೆ ಸರ್ಕಾರಿ ವೈದ್ಯರಿಂದ ವರ್ಷಕ್ಕೊಮ್ಮೆ, ಕೊಯ್ಲಿಗೆ ಮುನ್ನ, ಅರ್ಧ ದಿನದ ತಿಳಿವಳಿಕೆ ಕೊಡಿಸುವುದು. ಅಪಘಾತದ ಆಳುಗಳಿಗೆ ಮೂರು ದಿನದ ಕೂಲಿ ಕೊಡಲಾಗದ ಅತಿ ಸಣ್ಣ ಹಿಡುವಳಿದಾರರಿಗೆ ಸಂಘದ ಸಾಮಾನ್ಯ ಹಿತನಿಧಿಯಿಂದ ಆ ಮೊತ್ತವನ್ನು ಮುಂಗಡವಾಗಿ ಕೊಡುವುದು. ಮೂರನೆಯದಕ್ಕೆ ವಿರೋಧ ಬರಬಹುದೆಂದು ಬಲ್ಲೆವು. ಸರ್ವಸದಸ್ಯರ ಸಭೆಯಲ್ಲಿ ಚರ್ಚೆಯಾಗಲಿ. ವಿರೋಧಿಸುವವರು ಬೇರೆ ದಾರಿಯನ್ನಾದರೂ ತೋರಿಸಲಿ.

ಅಲ್ಲಿಯವರೆಗೆ ಸದಸ್ಯ ಬಾಂಧವರು ಇಷ್ಟನ್ನು ತಪ್ಪದೆ ಮಾಡಬೇಕೆಂದು ಕೋರುತ್ತೇವೆ. ಅಪಘಾತವಾದ ಕೂಡಲೇ ವಾಹನದಲ್ಲಿದ್ದ ಎಲ್ಲರ ಹೆಸರು, ಯಾರು ಎಲ್ಲಿ ಕುಳಿತಿದ್ದರು, ದೇಹದ ಯಾವ ಭಾಗಕ್ಕೆ ಏನು ಬಡಿಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ. ವೈದ್ಯರಿಗೆ ಇದಕ್ಕಿಂತ ಉಪಯುಕ್ತವಾದ ಕಾಗದ ಇನ್ನೊಂದಿಲ್ಲ. ಅದೇ ದಿನ ತೋರಿಸಿ, ಚೀಟಿ ಇಟ್ಟುಕೊಳ್ಳಿ. ಮೂರು ದಿನ ಬೆಳಿಗ್ಗೆ ಸಂಜೆ ಪ್ರತಿಯೊಬ್ಬರನ್ನೂ ಖುದ್ದಾಗಿ ಕಂಡು, ತಲೆನೋವುಂಟೇ, ವಾಂತಿಯುಂಟೇ, ಹೊಟ್ಟೆ ಭುಜ ನೋವುಂಟೇ, ಉಸಿರು ಸರಿಯುಂಟೇ, ಮೂತ್ರದ ಬಣ್ಣ ಹೇಗಿದೆ ಎಂದು ಕೇಳಿ. ಒಂದಕ್ಕೆ ಹೌದೆಂದರೂ 108ಕ್ಕೆ ಫೋನು ಮಾಡಿ. ಅದು ಬರುವುದು ತಡವೆಂದು ಕಂಡರೆ ನಿಮ್ಮ ಜೀಪನ್ನೇ ತೆಗೆಯಿರಿ. ಹಾಗೆ ಹೋಗಿ ಏನೂ ಇಲ್ಲವೆಂದು ತಿಳಿದು ವಾಪಸು ಬಂದರೆ ಡೀಸೆಲ್ ದಂಡವಾಯಿತೆಂದು ಬೇಸರಪಡಬೇಡಿ. ‘ಏನೂ ಆಗಿಲ್ಲ’ ಎಂದು ಹೇಳುವ ಹಕ್ಕು ಆಗ ನಿಮಗೆ ಬಂದಿರುತ್ತದೆ.

– ಕಾರ್ಯದರ್ಶಿ